ಸವೆದ ಹೆಬ್ಬೆರಳು

ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್‌ನ ತಂದೆ ಪಾದ್ರಿ. ಬಾಸೆಲ್ ಪಕ್ಕದ ಕ್ಲೈನ್‌ಹ್ಯೂನಿಂಗನ್ ಹಳ್ಳಿಯಲ್ಲಿ ಮಗನಿಗೂ ಅವರೇ ಧರ್ಮಪಾಠ ಹೇಳುತ್ತಿದ್ದರು. ಹುಡುಗನಿಗೆ ಉಳಿದದ್ದೆಲ್ಲ ಸಪ್ಪೆ. ಒಂದೇ ಮೂರಾಗುವ, ಮೂರೂ ಒಂದಾಗಿರುವ ತ್ರಿತ್ವದ ಅಧ್ಯಾಯ ಯಾವಾಗ ಬರುತ್ತದೋ ಎಂದು ಕಾಯುತ್ತಿದ್ದ. ಆ ಪುಟ ಬಂದಾಗ ಅಪ್ಪ, ಇದು ನನಗೇ ಅರ್ಥವಾಗಿಲ್ಲ, ಮುಂದೆ ಹೋಗೋಣ ಎಂದುಬಿಟ್ಟರು. ಯೂಂಗ್‌ನ ಆತ್ಮಕಥನದಲ್ಲಿ ಈ ಪ್ರಸಂಗ ಓದಿದಾಗಲೆಲ್ಲ ನನಗೆ ಇಬ್ಬರ ಮೇಲೂ ಮರುಕ ಹುಟ್ಟುತ್ತದೆ. ಅಪ್ಪ ಮಗುಚಿಹಾಕಿದ ಆ ಪುಟವನ್ನೇ ಮಗ ಬಾಳಿಡೀ ಓದುತ್ತ ಕೂತನೇನೋ.

   

ಆ ಮೂವರಲ್ಲಿ ಒಬ್ಬನಾದ ಯೇಸು ಒಬ್ಬ ಬಡಗಿಯ ಮಗ. ಅವನ ಕಥೆ ಇಷ್ಟು ಜನರನ್ನು ಇಷ್ಟು ಕಾಲ ಹಿಡಿದಿಟ್ಟದ್ದು ಹೇಗೆ? 1951ರ ‘ಅಯಾನ್’ ಗ್ರಂಥದಲ್ಲಿ ಯೂಂಗ್ ಕೊಡುವ ಉತ್ತರ: ಮನಸ್ಸಿನ ಆಳದಲ್ಲಿ ಮೊದಲೇ ಮಲಗಿದ್ದ ಮೂಲಪ್ರತಿಮೆಯೊಂದು ಅವನನ್ನು ಕಂಡು ಎದ್ದು ಕುಳಿತಿತು. ಅದು ‘ಆತ್ಮ’ದ, ಇಡಿಯಾದ ಮನುಷ್ಯನ ಪ್ರತಿಮೆ. ಆದರೆ ಸಂಪ್ರದಾಯ ಆ ಚಿತ್ರದಲ್ಲಿ ಬರಿಯ ಬೆಳಕನ್ನು ಉಳಿಸಿಕೊಂಡು ನೆರಳನ್ನೆಲ್ಲ ಸೈತಾನನ ಪಾಲಿಗೆ ಹಾಕಿತು ಎಂಬುದು ಅವನ ತಕರಾರು. ಈ ಮಾತಿಗೇ ವಿಕ್ಟರ್ ವೈಟ್ ಎಂಬ ಪಾದ್ರಿ ಗೆಳೆಯನ ಜತೆ ಸ್ನೇಹ ಮುರಿಯಿತು.

ಈ ಕಣ್ಣಿನಿಂದ ನೋಡಿದರೆ ಯೇಸು ಅಡವಿಯಲ್ಲಿ ಉಪವಾಸವಿದ್ದ ನಲವತ್ತು ದಿನಗಳು ಬೇರೆಯೇ ಆಗಿ ಕಾಣುತ್ತವೆ. ಹಸಿದವನ ಹತ್ತಿರ ಬರುವ ಶೋಧಕ ಕೋಡು ಬಾಲಗಳ ಪ್ರಾಣಿಯಲ್ಲ, ಕೀರ್ತನೆಗಳನ್ನು ಬಾಯಿಪಾಠ ಹೇಳಬಲ್ಲವನು. ಕಲ್ಲನ್ನು ರೊಟ್ಟಿ ಮಾಡು, ಗೋಪುರದಿಂದ ಧುಮುಕು, ಲೋಕದ ರಾಜ್ಯಗಳನ್ನೆಲ್ಲ ತಗೋ. ಶಕ್ತಿಯಿದ್ದವನಿಗೆ ಮಾತ್ರ ಬರಬಹುದಾದ ಆಸೆಗಳು ಇವು. 1932ರ ವಿಯೆನ್ನಾ ಉಪನ್ಯಾಸವೊಂದರಲ್ಲಿ ಯೂಂಗ್ ಈ ಸೈತಾನನಲ್ಲಿ ರೋಮಿನ ಅಧಿಕಾರದಾಹವನ್ನೇ ಕಂಡ. ಸೀಸರನ ಕಾಲದ ಗಾಳಿಯೇ ಅದು, ಯೇಸುವೂ ಉಸಿರಾಡಿದ್ದು ಅದನ್ನೇ. ಅವನು ಆ ದನಿಯನ್ನು ಪೂರ್ತಿ ಕೇಳಿಸಿಕೊಂಡು, ಮೂರು ಸಲ ಬೇಡವೆಂದ. ಕೇಳಿಸಿಕೊಂಡನಲ್ಲ, ಅದು ನನಗೆ ದೊಡ್ಡದು.

ಇಷ್ಟು ದೂರ ನಾನು ಯೂಂಗ್‌ನ ಜತೆ ಸಂತೋಷದಿಂದ ಬರುತ್ತೇನೆ. ಆಮೇಲೆ ಕಾಲು ತಡೆಯುತ್ತದೆ. ಮೂಲಪ್ರತಿಮೆಗೆ ಊರಿಲ್ಲ, ಇಸವಿಯಿಲ್ಲ. ಕ್ರೈಸ್ತರ ವಿಶ್ವಾಸಪ್ರಮಾಣದಲ್ಲಾದರೋ ಪೊಂತಿಯ ಪಿಲಾತನೆಂಬ ರೋಮನ್ ಅಧಿಕಾರಿಯ ಹೆಸರು ಕೂತಿದೆ. ಯೂಂಗ್ ತೀರಿಕೊಂಡ 1961ರಲ್ಲೇ ಸೀಸರಿಯಾದ ಅವಶೇಷಗಳಲ್ಲಿ ಆ ಹೆಸರು ಕೆತ್ತಿದ ಸುಣ್ಣಕಲ್ಲೊಂದು ಸಿಕ್ಕಿತು. ಮೊಳೆ ಹೊಡೆಸಿಕೊಂಡದ್ದು ಒಂದು ಮೈ.

ಚಿಕ್ಕಂದಿನಲ್ಲಿ ಪಕ್ಕದ ಮನೆಯ ಅಜ್ಜಿ ಶುಭ ಶುಕ್ರವಾರ ನನ್ನನ್ನೂ ಇಗರ್ಜಿಗೆ ಕರೆದೊಯ್ಯುತ್ತಿದ್ದಳು. ನಾವು ಬೇರೆ ಜಾತಿ, ಅವಳಿಗೆ ಅದು ಲೆಕ್ಕಕ್ಕಿರಲಿಲ್ಲ. ನೇರಳೆ ಬಟ್ಟೆ ಸರಿಸಿ ಶಿಲುಬೆಯನ್ನು ಕೆಳಗಿಟ್ಟರೆ ಜನ ಸಾಲಾಗಿ ಬಗ್ಗಿ ಪಾದಕ್ಕೆ ಮುತ್ತಿಡುತ್ತಿದ್ದರು. ವರ್ಷವರ್ಷದ ಮುತ್ತಿಗೆ ಹೆಬ್ಬೆರಳಿನ ಬಣ್ಣ ಸವೆದು ಒಳಗಿನ ಬಿಳಿ ಗಾರೆ ಕಾಣುತ್ತಿತ್ತು. ಉಗುರಿದ್ದ ಜಾಗ ನುಣ್ಣಗಾಗಿತ್ತು.

ಮಾರ್ಕನ ಸುವಾರ್ತೆಯಲ್ಲಿ ಯೇಸು ಕೊನೆಗೆ, ದೇವರು ತನ್ನನ್ನು ಯಾಕೆ ಬಿಟ್ಟ ಎಂದು ಕೂಗುತ್ತಾನೆ. ಕನ್ನಡ ಬೈಬಲಿನಲ್ಲಿ ಅಲ್ಲಿರುವ ಮಾತು ‘ಕೈಬಿಡು’. ಲೂಕನಲ್ಲಿ ಆ ಕೂಗಿಲ್ಲ. ತನ್ನ ಪ್ರಾಣವನ್ನು ತಂದೆಯ ಕೈಗೆ ಒಪ್ಪಿಸುತ್ತಾನೆ. ಬಿಟ್ಟ ಕೈಯೂ ಹಿಡಿದ ಕೈಯೂ ನಮ್ಮ ನುಡಿಯಲ್ಲಿ ಒಂದೇ ಕೈ. ಆಳದ ಮನಶ್ಶಾಸ್ತ್ರ ಓದುವ ಎಷ್ಟೋ ವರ್ಷ ಮೊದಲು ಇದು ನನಗೆ ಗೊತ್ತಾದದ್ದು ಇಗರ್ಜಿಯ ಆ ಜನರ ಸಾಲಿನಲ್ಲಿ. ಮುತ್ತಿಡಲು ಬಗ್ಗುವಾಗ ಅಜ್ಜಿ ನೆಲಕ್ಕೆ ಊರಲೆಂದು ನನ್ನ ಕೈ ಬಿಟ್ಟಳು. ಸುತ್ತ ಬರೀ ಅಪರಿಚಿತ ಸೀರೆಗಳು, ಮೇಣದ ವಾಸನೆ. ಎದ್ದವಳು ನನ್ನತ್ತ ನೋಡದೆಯೇ ಹಿಂದಕ್ಕೆ ಕೈ ಚಾಚಿದಳು, ಬೆರಳು ಆಡಿಸುತ್ತ.