ಮಟನ್ ಸ್ಟ್ರೀಟಿನಿಂದ ಜಾಲಹಳ್ಳಿಗೆ

ಗ್ರ್ಯಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಪೂರ್ವದ ಕಡೆಗೆ ಸ್ವಲ್ಪ ದೂರ ನಡೆದರೆ ಮಟನ್ ಸ್ಟ್ರೀಟ್ ಸಿಗುತ್ತದೆ. ಬೋರ್ಡಿನ ಮೇಲಿನ ಹೆಸರು ಅದು. ಊರೆಲ್ಲ ಕರೆಯುವುದು ಚೋರ್ ಬಜಾರ್ ಎಂದು. ಹಳೆಯ ಗ್ರಾಮೋಫೋನು, ಹಿತ್ತಾಳೆ ದೀಪ, ಹಿಂದಿ ಸಿನಿಮಾ ಪೋಸ್ಟರುಗಳ ನಡುವೆ ಕೈಗಡಿಯಾರಗಳೂ ಸಾಲಾಗಿ ಮಲಗಿರುತ್ತವೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ನೀವು ಇನ್ನೂ ಅಲ್ಲಿಗೆ ಹೋಗಿಲ್ಲವಾದರೆ ಒಂದು ಭಾನುವಾರ ಹೋಗಿ ಬನ್ನಿ. ಶುಕ್ರವಾರ ಬೇಡ, ಅಂದು ಅಂಗಡಿಗಳಿಗೆ ರಜೆ. ಬೆಳಗಿನ ಬೀದಿ ಸಂತೆಯ ನೂಕುನುಗ್ಗಲು ಮಾತ್ರ.

ನಿಮ್ಮಲ್ಲಿ ಕೆಲವರಿಗೆ ಮೊದಲ ಸಂಬಳ ಬಂದಿದೆ, ಉಳಿದವರಿಗೆ ಬರಲಿದೆ. ಒಳ್ಳೆಯದೊಂದು ವಾಚು ಕಟ್ಟಬೇಕೆಂಬ ಆಸೆ ಸಹಜವೇ. ಆ ಆಸೆ ಹೋಗಿ ನಿಲ್ಲುವುದು ರೋಲೆಕ್ಸ್ ಸಬ್‌ಮರೀನರ್ ಎದುರಿಗೆ. ನೀರಿನಾಳಕ್ಕೆ ಇಳಿಯುವವರಿಗಾಗಿ 1953ರಲ್ಲಿ ರೂಪುಗೊಂಡ ಈ ಸ್ವಿಸ್ ಗಡಿಯಾರವನ್ನು ಈಗ ಕಟ್ಟಿಕೊಳ್ಳುವವರು ಹೆಚ್ಚಾಗಿ ಈಜುಕೊಳವನ್ನೂ ಕಾಣದವರು! ಬೆಲೆ 8 ಲಕ್ಷ ರೂಪಾಯಿಗೂ ಮೇಲೆ.

ಅಷ್ಟು ಹಣವಿಲ್ಲದವರು ಒಂದೋ ಆಸೆ ಬಿಡುತ್ತಾರೆ, ಇಲ್ಲವೇ ಫುಟ್‌ಪಾತಿನಲ್ಲಿ ಅದೇ ಕಿರೀಟದ ಗುರುತಿರುವ ನಕಲಿಯನ್ನು ಕೊಳ್ಳುತ್ತಾರೆ. ಮೂರನೆಯ ದಾರಿಯೂ ಒಂದಿದೆ. ಅಂಥದೇ ಗಡಿಯಾರವನ್ನು ಮನೆಯಲ್ಲಿ ಕೂತು ನೀವೇ ಜೋಡಿಸುವುದು. ಕಪ್ಪು ಡಯಲ್, ತಿರುಗುವ ಅಂಚು, ಉಕ್ಕಿನ ಪಟ್ಟಿ, ರೂಪವೆಲ್ಲ ಅದರ ಹೋಲಿಕೆಯದು. ಹೆಸರು ಮಾತ್ರ ಅದರದಲ್ಲ. ಇದನ್ನು ಒತ್ತಿ ಹೇಳುತ್ತೇನೆ. ರೋಲೆಕ್ಸ್ ಎಂದು ಅಚ್ಚಾದ ಡಯಲ್‌ಗಳೂ ಬಿಡಿಯಾಗಿ ಸಿಗುತ್ತವೆ, ಕೈ ಹಾಕಬೇಡಿ. ಇನ್ನೊಬ್ಬರ ಗುರುತನ್ನು ಸುಳ್ಳಾಗಿ ಹಾಕಿ ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಂತೆ ಜೈಲಿಗೆ ಹೋಗುವ ಅಪರಾಧ. ಮಾರದೆ ನೀವೇ ಕಟ್ಟಿಕೊಂಡರೂ, ‘ಇದು ನಾನೇ ಮಾಡಿದ್ದು’ ಎಂದು ಹೇಳಿಕೊಳ್ಳುವ ಸುಖವನ್ನು ಆ ಐದಕ್ಷರ ಕಸಿದುಕೊಳ್ಳುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಈ ಹವ್ಯಾಸಿಗಳು ಹೆಚ್ಚಾಗಿ ನೆಚ್ಚಿಕೊಂಡಿರುವುದು ಜಪಾನಿನ ಸೀಕೋ ಬಳಗದ ಎನ್‌ಎಚ್ 35 ಎಂಬ ಯಂತ್ರವನ್ನು. ರಿಪೇರಿಯವರ ಬಾಯಲ್ಲಿ ಇದು ‘ಮಷಿನ್’. ಕೈಯ ಅಲುಗಾಟದಿಂದಲೇ ಕೀ ಸುತ್ತಿಕೊಳ್ಳುವ ಆಟೊಮ್ಯಾಟಿಕ್. ಒಳಗೆ 24 ಹರಳುಗಳು. ಪೂರ್ತಿ ಕೀ ಇದ್ದರೆ ಕಳಚಿಟ್ಟ ಮೇಲೂ ಸುಮಾರು 41 ಗಂಟೆ ನಡೆಯುತ್ತದೆ. ಗಂಟೆಗೆ 21,600 ಬಡಿತ, ಅಂದರೆ ಸೆಕೆಂಡಿಗೆ 6. ರೋಲೆಕ್ಸಿನದು 8. ನಿಮ್ಮ ಅಜ್ಜನ ಹೆಚ್‌ಎಂಟಿ ಜನತಾದ್ದು 5. ಸೆಕೆಂಡಿನ ಮುಳ್ಳು ಒಂದರಲ್ಲಿ ಜಾರಿದಂತೆ, ಇನ್ನೊಂದರಲ್ಲಿ ಕುಪ್ಪಳಿಸಿದಂತೆ ಕಾಣುವುದು ಈ ಲೆಕ್ಕದಿಂದ. ಕೇಸು, ಗಾಜು, ಡಯಲ್, ಮುಳ್ಳುಗಳು ಬಿಡಿಬಿಡಿಯಾಗಿ ಅಂಚೆಯಲ್ಲಿ ಬರುತ್ತವೆ, ಹೆಚ್ಚಿನವು ಚೀನಾದಿಂದ.

ಮೊದಲ ಕೆಲಸ ಫ್ಯಾನ್ ನಿಲ್ಲಿಸುವುದು. ನಗಬೇಡಿ, ಸೆಕೆಂಡಿನ ಮುಳ್ಳು ಹಾರಿಹೋದರೆ ಹುಡುಕಲು ಮನೆಮಂದಿಯೆಲ್ಲ ನೆಲಕ್ಕೆ ಬಗ್ಗಬೇಕಾದೀತು. ಆದರೆ ಮೇ ತಿಂಗಳಲ್ಲಿ ಫ್ಯಾನಿಲ್ಲದೆ ಕೂತರೆ ಹಣೆಯ ಬೆವರು ಡಯಲ್ ಮೇಲೆ ತೊಟ್ಟಿಕ್ಕುತ್ತದೆ. ಮಳೆಗಾಲದಲ್ಲಿ ಕೇಸು ಮುಚ್ಚಿದರೆ ತೇವವೂ ಒಳಗೇ ಉಳಿದು, ತಂಪು ಕೋಣೆಗೆ ಹೋದಾಗ ಗಾಜಿನ ಒಳಮೈಗೆ ಮಂಜು ಹಿಡಿಯುತ್ತದೆ. ನಮ್ಮ ಊರಿಗೆ ಡಿಸೆಂಬರ್, ಜನವರಿಯೇ ಸರಿ.

ಡಯಲ್ ಹಿಂದಿನ ಎರಡು ಪುಟ್ಟ ಕಾಲುಗಳು ಯಂತ್ರದ ತೂತುಗಳಲ್ಲಿ ಕೂರುತ್ತವೆ. ಆಮೇಲೆ ಮುಳ್ಳುಗಳು. ಕೀಯನ್ನು ಹೊರಗೆಳೆದು ನಿಧಾನವಾಗಿ ತಿರುಗಿಸುತ್ತ ಹೋಗಿ; ತಾರೀಖು ಪಕ್ಕನೆ ಬದಲಾದೊಡನೆ ಕೈ ನಿಲ್ಲಿಸಿ. ಯಂತ್ರದ ಪಾಲಿಗೆ ಆ ಗಳಿಗೆಯೇ ನಡುರಾತ್ರಿ. ಗಂಟೆ, ನಿಮಿಷದ ಮುಳ್ಳುಗಳೆರಡನ್ನೂ ಆಗ 12ಕ್ಕೆ ಕೂರಿಸಬೇಕು. ಇದನ್ನು ಮರೆತರೆ ನಿಮ್ಮ ವಾಚಿನಲ್ಲಿ ರಾತ್ರಿ ಊಟದ ಹೊತ್ತಿಗೇ ನಾಳೆ ಬಂದುಬಿಡುತ್ತದೆ. ಗಂಟೆಯ ಮುಳ್ಳಿನ ತೂತು 1.5 ಮಿಲಿಮೀಟರ್, ನಿಮಿಷದ್ದು 0.9, ಸೆಕೆಂಡಿನದು ಬರೀ 0.2. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಕೂರಿಸುವ ಈ ಕೊನೆಯ ಮುಳ್ಳಿಗೆ ಒಂದು ಸಂಜೆ ಪೂರ್ತಿ ಹೋದರೂ ಆಶ್ಚರ್ಯವಿಲ್ಲ. ಕೀಯ ಕಡ್ಡಿಯನ್ನು ಅಳತೆಗೆ ಕತ್ತರಿಸುವಾಗ ಉದ್ದವೇ ಬಿಟ್ಟು ಅರದಿಂದ ಉಜ್ಜುತ್ತ ಬನ್ನಿ. ಕಡಿದದ್ದು ಮತ್ತೆ ಬೆಳೆಯದು. ಮುಗಿದ ವಾಚನ್ನು ಒತ್ತಡ ಕೊಟ್ಟು ಪರೀಕ್ಷಿಸದೆ ನೀರಿಗಿಳಿಸಬೇಡಿ, ಹಿಂಬದಿಯ ಮುಚ್ಚಳದಲ್ಲಿ ಏನೇ ಬರೆದಿರಲಿ.

ನೀವು ಮೇಜಿನ ಮೇಲೆ ಹವ್ಯಾಸವಾಗಿ ಮಾಡುವ ಇದೇ ಕೆಲಸ ನಮ್ಮ ನಾಡಿನಲ್ಲಿ ಸಾವಿರಾರು ಮನೆಗಳಿಗೆ ಅನ್ನ ಹಾಕಿತ್ತು. ಮುಂದಿನ ಸಲ ನೆಂಟರ ಮದುವೆಗೆಂದು ಬೆಂಗಳೂರಿಗೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಂಡು ಜಾಲಹಳ್ಳಿಗೆ ಹೋಗಿ. ಹಸಿರು ಮಾರ್ಗದ ಮೆಟ್ರೊದಲ್ಲಿ ಜಾಲಹಳ್ಳಿ ನಿಲ್ದಾಣಕ್ಕೆ ಇಳಿದು, ಆಟೊದವರಿಗೆ ಹೆಚ್‌ಎಂಟಿ ಮ್ಯೂಸಿಯಂ ಎನ್ನಿ. (ಕನ್ನಡದಲ್ಲೇ ಹೇಳಿ, ಉಚ್ಚಾರ ತಪ್ಪಿದರೆ ಯಾರೂ ಬೈಯುವುದಿಲ್ಲ.) ವಾರದ ರಜೆ ಯಾವ ದಿನವೆಂದು ಮೊದಲೇ ವಿಚಾರಿಸಿಕೊಂಡರೆ ಒಳ್ಳೆಯದು.

ಹೆಚ್‌ಎಂಟಿ ಹುಟ್ಟಿದ್ದೂ 1953ರಲ್ಲೇ, ಯಂತ್ರೋಪಕರಣ ಮಾಡಲೆಂದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಿಂದ ಕೈಗಡಿಯಾರ ಆರಂಭವಾಯಿತು. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದವರು ನೆಹರೂ. ಜೋಡಣೆಯ ಸಾಲಿನಲ್ಲಿ ಕಣ್ಣಿಗೆ ಭೂತಗನ್ನಡಿ ಏರಿಸಿ ಕೂತವರಲ್ಲಿ ಅನೇಕರು ಹೆಣ್ಣುಮಕ್ಕಳು. ಜನತಾ, ಪೈಲಟ್, ಸೋನಾ, ಕಾಂಚನ್ ಹೆಸರುಗಳನ್ನು ಮನೆಯ ಹಿರಿಯರ ಮುಂದೆ ಹೇಳಿ ನೋಡಿ, ಕಥೆ ತಾನಾಗಿ ಹೊರಡುತ್ತದೆ. ಕ್ವಾರ್ಟ್ಜ್ ಬಂತು, ಹೊಸೂರಿನಿಂದ ಟೈಟಾನ್ ಬಂತು. ಹೆಚ್‌ಎಂಟಿಯ ಕೀ ಸಡಿಲವಾಯಿತು. 2016ರಲ್ಲಿ ಹೆಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರಕಾರ ಒಪ್ಪಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೊಗೆ ಹೋಯಿತು. 2019ರಲ್ಲಿ ತೆರೆದ ಈ ಮ್ಯೂಸಿಯಂನಲ್ಲಿ ಸಾಲುಸಾಲು ಮಾದರಿಗಳನ್ನು ನೋಡುವಾಗ ಡಯಲ್‌ಗಳ ಮುಂದೆ ನಿಧಾನಿಸಿ. ಎಷ್ಟು ಕಡಿಮೆ ಗೆರೆಗಳಲ್ಲಿ ಎಷ್ಟು ಚೆಂದ ಮಾಡಬಹುದು ಎನ್ನುವುದಕ್ಕೆ ಜನತಾದ ಬಿಳಿ ಡಯಲ್ ಒಂದೇ ಸಾಕು. ನನ್ನನ್ನು ಕೇಳಿದರೆ ಸಬ್‌ಮರೀನರಿಗಿಂತ ಅದೇ ಕಷ್ಟದ ಕೆಲಸ.

ಚೋರ್ ಬಜಾರಿನಲ್ಲಿ ಕೆಂಪು, ಹಸಿರು, ನೀಲಿಯಾಗಿ ಫಳಫಳಿಸುವ ‘ಹಳೆಯ ಹೆಚ್‌ಎಂಟಿ’ಗಳು ಸಿಕ್ಕರೆ ಹುಷಾರು. ಬಹುಪಾಲು ಮತ್ತೆ ಬಣ್ಣ ಬಳಿದ ಡಯಲ್‌ಗಳು. ಲೋಕದ ಸಂಗ್ರಾಹಕರು ಇವಕ್ಕೆ ‘ಮುಂಬಯಿ ಸ್ಪೆಷಲ್’ ಎಂದು ನಮ್ಮ ಊರಿನ ಹೆಸರನ್ನೇ ಅಂಟಿಸಿದ್ದಾರೆ. ಅಜ್ಜನ ವಾಚಿನ ಡಯಲ್ ಹಳದಿಗಟ್ಟಿದ್ದರೆ ಹಾಗೇ ಇರಲಿ. ಕೈ ಪಳಗುವ ತನಕ ಅದನ್ನು ಬಿಚ್ಚಲೂಬೇಡಿ. ಎನ್‌ಎಚ್ 35 ಕೆಟ್ಟರೆ ಇನ್ನೊಂದು ತರಿಸಬಹುದು.

ನಿಮ್ಮ ಗಡಿಯಾರದ ಡಯಲ್ ಮೇಲೆ ಏನು ಬರೆಸುತ್ತೀರಿ? ಕನ್ನಡ ಅಂಕಿಗಳನ್ನೇ ಹಾಕಿಸಿ ಎಂಬುದು ನನ್ನ ಆಸೆ. ಒಂದು ಎಚ್ಚರಿಕೆ: ೬ ಮತ್ತು ೯ ಒಂದಕ್ಕೊಂದು ಬಹಳ ಹತ್ತಿರದ ರೂಪದವು, ಅಚ್ಚು ಹಾಕುವವರು ಕನ್ನಡದವರಲ್ಲದಿದ್ದರೆ ಅದಲುಬದಲಾಗುವುದು ಸುಲಭ. ಅಚ್ಚಿಗೆ ಕಳಿಸುವ ಮುನ್ನ ಅಮ್ಮನಿಗೋ ಅಜ್ಜಿಗೋ ಒಮ್ಮೆ ತೋರಿಸಿ.