ತಗ್ಗಿನ ಥಂಡಿ

ಯಾದಗಿರಿ ಅಂದರೆ ಬಿಸಿಲಿನ ಊರೆಂದೇ ಲೆಕ್ಕ. ಏಪ್ರಿಲ್‌, ಮೇ ಬಂದರೆ 40 ಡಿಗ್ರಿ ದಾಟಿದ ಊರುಗಳ ಪಟ್ಟಿಯಲ್ಲಿ ಕಲಬುರಗಿ, ರಾಯಚೂರಿನ ಪಕ್ಕ ಅದರ ಹೆಸರು ಇದ್ದೇ ಇರುತ್ತದೆ. ನಾನು ಹೋದದ್ದು ಎಳ್ಳ ಅಮಾವಾಸ್ಯೆ ಕಳೆದ ಮೇಲೆ, ಚಳಿ ನೋಡಲಿಕ್ಕೆ. ಚೀಲದಲ್ಲಿ ಒಂದು ಥರ್ಮಾಮೀಟರ್ ಇತ್ತು, ತಲೆಯಲ್ಲಿ ಅಂಟಾರ್ಕ್ಟಿಕಾದ ವೊಸ್ತೋಕ್ ಕೇಂದ್ರವಿತ್ತು. 1983ರ ಜುಲೈ 21ರಂದು ಅಲ್ಲಿ ಸೊನ್ನೆಗಿಂತ 89.2 ಡಿಗ್ರಿ ಕೆಳಗಿನ ಚಳಿ ದಾಖಲಾಯಿತು. ಭೂಮಿಯ ಯಾವ ಹವಾಮಾನ ಕೇಂದ್ರವೂ ಅದಕ್ಕಿಂತ ಕಡಿಮೆ ಅಳೆದಿಲ್ಲ. ಅಂಥ ಚಳಿ ಹುಟ್ಟಿಸುವ ಕಾರಣಗಳಲ್ಲಿ ಮೂರು ಭೀಮಾ ತೀರದಲ್ಲೂ ಇವೆ ಎಂದು ಓದಿ ತಿಳಿದಿದ್ದೆ. ಅದು ಮೈಗೂ ತಿಳಿಯಬೇಕಿತ್ತು.

ರೈಲು ಇಳಿದಾಗ ಇನ್ನೂ ಕತ್ತಲು. ಸ್ಟೇಷನ್ನಿನ ಕಲ್ಲುಹಾಸಿನ ಮೇಲೆ ದುಡಿಯಲು ದೂರದ ಶಹರಕ್ಕೆ ಹೊರಟ ಕುಟುಂಬಗಳು ಗಂಟುಮೂಟೆ ನಡುವೆ ಮಲಗಿದ್ದವು. ಒಂದೇ ಚಾದರದೊಳಗೆ ತಾಯಿ, ಎರಡು ಕೂಸು. ನದಿ ಕಡೆ ನಡೆದು ಭೀಮೆಯ ದಂಡೆಯಲ್ಲಿ ನಿಂತು ಅಳೆದೆ: 11 ಡಿಗ್ರಿ. ಸೈಬೀರಿಯಾದವರು ಕೇಳಿದರೆ ವಸಂತ ಅಂದಾರು. ಆದರೆ ಚಳಿಯ ಕ್ರೌರ್ಯವನ್ನು ಅಂಕಿಯಿಂದ ಅಳೆಯಬಾರದು, ಹೊದಿಯಲು ಏನಿದೆ ಎಂಬುದರಿಂದ ಅಳೆಯಬೇಕು. ಬರಿ ನೆಲದ ಮೇಲಿನ ಕೂಸಿಗೆ ಯಾದಗಿರಿಯ 11 ಡಿಗ್ರಿಯೂ ಸಣ್ಣ ಚಳಿಯಲ್ಲ.

ಅಲ್ಲಿಂದ ಕೋಟೆ ಗುಡ್ಡ ಹತ್ತಿದೆ. ಏರಿದಂತೆ ಥಂಡಿ ಹೆಚ್ಚಬೇಕು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಮೇಲೆ ಹೋಗಿ ಉಸಿರು ತಹಬಂದಿಗೆ ಬಂದ ಮೇಲೆ ನೋಡಿದರೆ 14! ಹೊಗೆಯೆಲ್ಲ ಊರಿನ ಮೇಲೆ ಒಂದೇ ಮಟ್ಟಕ್ಕೆ ನಿಂತುಬಿಟ್ಟಿತ್ತು, ಮೇಲಕ್ಕೆ ಏರುತ್ತಿರಲಿಲ್ಲ.

ಕಾರಣ ಇಷ್ಟು. ಹಗಲು ಕಾದ ನೆಲ ರಾತ್ರಿ ತನ್ನ ಕಾವನ್ನು ಆಕಾಶಕ್ಕೆ ಬಿಡುತ್ತದೆ. ಮೋಡವೋ ಗಾಳಿಯಲ್ಲಿ ತೇವವೋ ಇದ್ದರೆ ಅದರಲ್ಲಿ ಒಂದು ಪಾಲು ಕೌದಿ ಹೊದಿಸಿದಂತೆ ಕೆಳಗೇ ಉಳಿಯುತ್ತದೆ. ಶುಭ್ರ ಆಕಾಶ, ಒಣ ಹವೆ, ಎಲೆ ಅಲುಗದ ರಾತ್ರಿ, ಈ ಮೂರೂ ಕೂಡಿದರೆ ಕಾವಿಗೆ ತಡೆಯೇ ಇಲ್ಲ. ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ ಇಳಿಜಾರು ಹಿಡಿದು ತಗ್ಗಿಗೆ ಸೇರುತ್ತದೆ. ವೊಸ್ತೋಕ್‌ನಲ್ಲೂ ನಡೆಯುವುದು ಇದೇ. ಅಲ್ಲಿ ಇದರ ಮೇಲೆ 3,488 ಮೀಟರ್ ಎತ್ತರವಿದೆ, ಬಿದ್ದ ಬಿಸಿಲನ್ನು ತಿರುಗಿಸಿ ಕಳಿಸುವ ಹಿಮವಿದೆ, ತಿಂಗಳುಗಟ್ಟಲೆ ಸೂರ್ಯ ಹುಟ್ಟದ ರಾತ್ರಿಯಿದೆ. ನಮ್ಮಲ್ಲಿ ಬೆಳಗಾಗುತ್ತದೆ; ಅದೇ ನಮ್ಮನ್ನು ಕಾಯುವುದು.

ಶಹಾಪುರದ ರಸ್ತೆಯಲ್ಲಿ, ದೋರನಹಳ್ಳಿಗೆ ಮೊದಲು, ತೊಗರಿ ಕಟಾವಾದ ಹೊಲದ ಅಂಚಿನ ಮರಡಿಯ ಮೇಲೆ ಕುರಿ ತರುಬಿದ್ದರು. ಕಂಬಳಿ ಕೊಪ್ಪೆ ಹಾಕಿದ ಹಿರಿಯರು ಬೆಂಕಿ ಮುಂದೆ ಕೂತಿದ್ದರು. "ಬರ್ರಿ, ಕಾಸ್ಕೊರಿ" ಅಂದರು.

"ಕಾಕಾ, ಕೆಳಗ ಹಳ್ಳದ ಹತ್ರ ನೀರು ಅದ, ನೆರಳು ಅದ. ಇಲ್ಲ್ಯಾಕ ತರುಬೀರಿ?"

"ಥಂಡಿ ತಗ್ಗ ಹಿಡೀತದರೀ. ಸಣ್ಣ ಮರಿ ತಡಿಯಾಂಗಿಲ್ಲ."

ಈ ಮಾತನ್ನು ಉಪಗ್ರಹಗಳಿಂದ ಕೇಳಲು ವಿಜ್ಞಾನಕ್ಕೆ ಬಹಳ ವರ್ಷ ಬೇಕಾಯಿತು. ಪೂರ್ವ ಅಂಟಾರ್ಕ್ಟಿಕಾದ ಹಿಮದ ದಿಬ್ಬದ ಮೇಲೆ, ವೊಸ್ತೋಕ್‌ಗಿಂತಲೂ ಎತ್ತರದಲ್ಲಿ, ಹಿಮದ ಮೈ ಸೊನ್ನೆಗಿಂತ 98 ಡಿಗ್ರಿಯಷ್ಟು ಕೆಳಗಿಳಿಯುತ್ತದೆ ಎಂದು 2018ರಲ್ಲಿ ಪ್ರಕಟವಾಯಿತು. ಎಲ್ಲಿ ಅಂದರೆ, ಆ ದಿಬ್ಬದ ನೆತ್ತಿಯ ಹತ್ತಿರದ ಸಣ್ಣ ತಗ್ಗುಗಳಲ್ಲಿ. ಆಳ ಎರಡು ಮೂರು ಮೀಟರ್ ಮಾತ್ರ, ನಮ್ಮ ಹೊಲದ ಹಳ್ಳದಷ್ಟು. 1933ರಲ್ಲಿ ಸೊನ್ನೆಗಿಂತ 67.7 ಡಿಗ್ರಿ ಕೆಳಗಿಳಿದ ಸೈಬೀರಿಯಾದ ಒಯ್‌ಮ್ಯಾಕೊನ್‌ ಕೂಡ ಬೆಟ್ಟಗಳ ನಡುವಿನ ಕಣಿವೆಯ ಹಳ್ಳಿಯೇ. ಅಲ್ಲಿ ಜನ ಸಂಸಾರ ಮಾಡಿಕೊಂಡಿದ್ದಾರೆ, ಮಕ್ಕಳು ಶಾಲೆಗೆ ಹೋಗುತ್ತವೆ.

ಶಹಾಪುರದಲ್ಲಿ ಒಗ್ಗಾಣಿ, ಮಿರ್ಚಿ ತಿಂದು, ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟಸಾಲನ್ನು ದೂರದಿಂದಲೇ ನೋಡಿ ಹೊರಟೆ. ವಿಭೂತಿಹಳ್ಳಿಗೆ ಹೋಗುವ ಆತುರವಿತ್ತು. ಅಲ್ಲಿ ಬಯಲಲ್ಲಿ ಬಂಡೆಗಳನ್ನು ಉರುಳಿಸಿ ತಂದು, ಸಾಲಿಗೆ ಸಾಲು, ಅಳತೆ ತಪ್ಪದಂತೆ ಇಟ್ಟಿದ್ದಾರೆ. ಬೃಹತ್ ಶಿಲಾಯುಗದವರ ಕೆಲಸ. ಸುರಪುರ ಸಂಸ್ಥಾನದಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಹತ್ತೊಂಬತ್ತನೇ ಶತಮಾನದಲ್ಲೇ ಇದನ್ನು ಬರೆದಿಟ್ಟ. ಪುರಾತತ್ವ ಇಲಾಖೆ ಇದನ್ನು ಪ್ರಾಚೀನ ಖಗೋಳ ತಾಣವೆಂದು ಕಾಯ್ದುಕೊಂಡಿದೆ. ವಿದ್ವಾಂಸರ ವಾದ ಏನೇ ಇರಲಿ, ಬಂಡೆಗಳ ನಡುವೆ ನಿಂತಾಗ ನನಗೆ ಕಂಡದ್ದು ಆಕಾಶದ ಅಗಲ. ಮರ ಅಡ್ಡವಿಲ್ಲ, ಮಳೆಗಾಲ ಬಿಟ್ಟರೆ ಮೋಡವೂ ಅಪರೂಪ. ಚುಕ್ಕಿ ತೋರಿಸುವ ಈ ಆಕಾಶವೇ ನೆಲದ ಕಾವನ್ನೂ ಒಯ್ಯುತ್ತದೆ.

ಮುಂದೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಕಂಡ ಭತ್ತದ ಗದ್ದೆಗಳು. ನೀರು ನಿಂತ ಗದ್ದೆ ಬೇಗ ಆರುವುದಿಲ್ಲ, ಮೇಲಿನ ಗಾಳಿಗೆ ತೇವ ಕೊಡುತ್ತದೆ. ಒಣ ಎರೆ ಹೊಲದಷ್ಟು ರಾತ್ರಿಯ ಕಾವನ್ನು ಕಳೆದುಕೊಳ್ಳುವುದಿಲ್ಲ. ಸುರಪುರ ಗುಡ್ಡಗಳ ನಡುವಿನ ಊರು. 1858ರಲ್ಲಿ ಬ್ರಿಟಿಷರೊಡನೆ ಕಾದಾಡಿದ ರಾಜಾ ವೆಂಕಟಪ್ಪ ನಾಯಕರ ನೆಲ. ಟೇಲರ್ ತಾನಿರುವ ಬಂಗಲೆ ‘ಮಂಜಿಲ್’ ಕಟ್ಟಿಸಿದ್ದು ಗುಡ್ಡದ ಮೇಲೆ.

ಹುಣಸಗಿ ಕಡೆಯ ಇಸಾಂಪುರ ಮುಟ್ಟಿದಾಗ ಸ್ವೆಟರ್ ಕಳಚಿ ಹೆಗಲ ಮೇಲೆ ಹಾಕಿಕೊಂಡಿದ್ದೆ. ಬೆಳಗ್ಗೆ ನಡುಗಿಸಿದ ಒಣ ಹವೆಯೇ ಮಧ್ಯಾಹ್ನ ಚುರುಗುಟ್ಟಿಸುತ್ತದೆ. ಇಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರ ತಂಡ ಅಗೆದು ತೆಗೆದದ್ದು ಆದಿಮಾನವರ ಕೊಡಲಿ ಕಾರ್ಖಾನೆ. ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ, ಅಲ್ಲೇ ಚಕ್ಕೆ ಹಾರಿಸಿ ಆಯುಧ ಮಾಡುತ್ತಿದ್ದರು. ಕಾಲ ಸುಮಾರು 12 ಲಕ್ಷ ವರ್ಷದ ಹಿಂದೆ. 2025ರ ಜನವರಿಯಲ್ಲಿ ಯುರೋಪಿನ ವಿಜ್ಞಾನಿಗಳು ಅಂಟಾರ್ಕ್ಟಿಕಾದಲ್ಲಿ 2,800 ಮೀಟರ್ ಆಳಕ್ಕೆ ಕೊರೆದು ಮೇಲೆತ್ತಿದ ಮಂಜುಗಡ್ಡೆಯ ವಯಸ್ಸೂ ಕನಿಷ್ಠ 12 ಲಕ್ಷ ವರ್ಷ. ಅದರ ಗುಳ್ಳೆಗಳಲ್ಲಿ ಆ ಕಾಲದ ಗಾಳಿ ಹಾಗೇ ಸಿಕ್ಕಿಕೊಂಡಿದೆ.

ಪಕ್ಕದ ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದ ಹೆಣ್ಣುಮಗಳು ನಾನು ಏನು ಹುಡುಕುತ್ತಿದ್ದೇನೆಂದು ಕೇಳಿದರು. ಕೊಡಲಿ ಕಾರ್ಖಾನೆಯ ಕಥೆ ಹೇಳಿದೆ, ಮಂಜುಗಡ್ಡೆಯದನ್ನೂ ಹೇಳಿದೆ. ಕೈಯ ಹತ್ತಿ ಉಡಿಗೆ ಹಾಕಿಕೊಳ್ಳುತ್ತ ಕೇಳಿದರು: "ಹಂಗಾರ ಇಲ್ಲಿ ಕಲ್ಲು ಒಡದೋರು ಬಿಟ್ಟ ಉಸುರೂ ಆ ಬರ್ಫದಾಗ ಇದ್ದೀತೇನ್ರೀ?"

"ಇದ್ದೀತವ್ವ" ಅಂದೆ. ಗಾಳಿ ಒಂದೆರಡು ವರ್ಷದಲ್ಲಿ ಭೂಮಿಯೆಲ್ಲ ಸುತ್ತಿ ಬೆರೆಯುತ್ತದೆ.