ಒಳಗೆ ಬಿಟ್ಟ ಬಟ್ಟೆ

ನನ್ನ ಮೊದಲ ಯೂನಿಫಾರಂ ಚಡ್ಡಿಗೆ ಟೈಲರ್ ಅಳತೆ ತೆಗೆದದ್ದು ಇಂಚಿನಲ್ಲಿ. ಅಮ್ಮ ಹೊಲಿಸಿದ್ದು ಮಾತ್ರ ಕ್ಲಾಸಿನ ಲೆಕ್ಕದಲ್ಲಿ.

“ಬೆಳೆಯೋ ಹುಡುಗ, ಸ್ವಲ್ಪ ದೊಡ್ಡದೇ ಇರ್ಲಿ.”

“ಎಷ್ಟು ದೊಡ್ಡದು ಅಕ್ಕಾ?”

“ನಾಲ್ಕನೇ ಕ್ಲಾಸಿನ ತನಕ ಬರ್ಲಿ.”

ನಾನಾಗ ಒಂದನೇ ಕ್ಲಾಸು. ಟೈಲರ್ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದ. ಮೂರು ವರ್ಷ ಬಿಟ್ಟು ಈ ಹುಡುಗ ಎಷ್ಟಾಗಬಹುದು ಎಂದು ಅಂದಾಜು ಮಾಡುವ ಅಂಥ ನೋಟವನ್ನು ಆಮೇಲೆ ನಾನು ಜಾತಕ ನೋಡುವವರ ಮುಖದಲ್ಲಿ ಮಾತ್ರ ಕಂಡಿದ್ದೇನೆ.

ಚಡ್ಡಿ ಬಂತು. ಮೊಣಕಾಲು ದಾಟಿ ಕೆಳಗಿಳಿದಿತ್ತು. ಒಂದೇ ಕಾಲಿನೊಳಗೆ ನನ್ನೆರಡು ಕಾಲೂ ತೂರಿ, ಗಾಳಿಯಾಡಲು ಇನ್ನೂ ಜಾಗ ಉಳಿಯುತ್ತಿತ್ತು. ಆ ವರ್ಷ ನಾನು ಚಡ್ಡಿ ಹಾಕಿಕೊಂಡಿದ್ದೆ ಅನ್ನುವುದಕ್ಕಿಂತ ಚಡ್ಡಿಯೊಳಗೆ ವಾಸವಾಗಿದ್ದೆ ಅಂದರೆ ಸರಿಯಾದೀತು. ಸೊಂಟದಲ್ಲಿ ಅದನ್ನು ಹಿಡಿದಿಟ್ಟದ್ದು ಹುಕ್ಕಲ್ಲ, ಉಡಿದಾರ. ಹುಕ್ಕು ಜುಲೈ ಹೊತ್ತಿಗೆ ಎಲ್ಲೋ ಬಿದ್ದುಹೋಗಿ ಅದರ ಜಾಗಕ್ಕೆ ಪಿನ್ನು ಬಂದಿತ್ತು. ಗುಂಡಿಗಳೂ ಅದರ ಹಿಂದೆಯೇ ಹೋದವು. “ಲೇ, ಪೋಸ್ಟಾಫೀಸು ತೆರೆದಿದೆ” ಎಂದು ಯಾರಾದರೂ ಕೂಗಿದರೆ ಇಡೀ ಕ್ಲಾಸಿನ ಗಂಡು ಹುಡುಗರು ತಲೆ ತಗ್ಗಿಸಿ ತಂತಮ್ಮದನ್ನು ನೋಡಿಕೊಳ್ಳುತ್ತಿದ್ದರು.

ಅಮ್ಮನ ಜಾಣತನವೆಲ್ಲ ಇದ್ದದ್ದು ಚಡ್ಡಿಯ ಅಂಚಿನಲ್ಲಿ. ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಬಿಟ್ಟು ಮಡಚಿ ಹೊಲಿಸಿದ್ದಳು. ಪ್ರತಿ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಅಪ್ಪನ ಹಳೇ ಬ್ಲೇಡು ಹಿಡಿದು ಹೊಲಿಗೆ ಬಿಚ್ಚುವಳು. ಒಂದು ಬೆರಳಷ್ಟು ಬಟ್ಟೆ ಕೆಳಗಿಳಿಯುತ್ತಿತ್ತು. ಮೇಲಿನದು ಬಿಸಿಲಿಗೆ ಬಣ್ಣ ಬಿಟ್ಟ ಖಾಕಿ, ಕೆಳಗಿನದು ಅಂಗಡಿಯಿಂದ ನಿನ್ನೆ ಬಂದ ಹಾಗಿನ ಗಾಢ ಖಾಕಿ. ಹೀಗೆ ವರ್ಷಕ್ಕೊಂದು ಪಟ್ಟೆ. ಮರ ಕಡಿದಾಗ ಬಳೆ ಎಣಿಸಿ ವಯಸ್ಸು ಹೇಳುತ್ತಾರಲ್ಲ, ಹಾಗೆ ನಮ್ಮ ಚಡ್ಡಿಯ ಪಟ್ಟೆ ಎಣಿಸಿ ಯಾವ ಕ್ಲಾಸೆಂದು ಹೇಳಬಹುದಿತ್ತು. ಫೇಲಾದವರಿಗೆ ಒಂದು ಪಟ್ಟೆ ಹೆಚ್ಚು.

ಅಂಗಿ ಬಿಳಿ. ಮಕ್ಕಳಿಗೆ ಬಿಳಿ ಅಂಗಿ ಎಂದು ಗೊತ್ತುಮಾಡಿದ ಪುಣ್ಯಾತ್ಮರು ಜೀವಮಾನದಲ್ಲಿ ಬಟ್ಟೆ ಒಗೆದವರಲ್ಲ. ತೀರ್ಥಹಳ್ಳಿ ಸೀಮೆಯ ನಮ್ಮೂರಲ್ಲಿ ಬಿಳಿ ಬಟ್ಟೆಯ ಮೇಲೆ ಕಣ್ಣಿಟ್ಟವು ಒಂದೆರಡಲ್ಲ. ಜೂನಿನಲ್ಲಿ ಹಲಸಿನ ಸೋನೆ, ಮಳೆಗಾಲವಿಡೀ ಕೆಸರು, ಅಡಿಕೆ ಸುಲಿಯುವ ಕಾಲಕ್ಕೆ ಚೊಗರು, ವರ್ಷಪೂರ್ತಿ ಪೆನ್ನಿನ ಇಂಕು. ಚೊಗರು ಒಮ್ಮೆ ಅಂಟಿದರೆ ಅಂಗಿ ಹರಿದರೂ ಕಲೆ ಹರಿಯದು. ಅಮ್ಮ ಶನಿವಾರ ಸಂಜೆ ನೀಲಿ ಅದ್ದುವಳು. ಸಿಟ್ಟು ಬಂದ ವಾರ ನೀಲಿ ಜಾಸ್ತಿ ಬೀಳುತ್ತಿತ್ತು. ಸೋಮವಾರ ನಾನು ಬಾಲಕೃಷ್ಣನ ಬಣ್ಣದಲ್ಲಿ ಪ್ರಾರ್ಥನೆಗೆ ನಿಲ್ಲುತ್ತಿದ್ದೆ. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಇರಲಿಲ್ಲ. ಅಂಗಿ ಚಡ್ಡಿ ಮಡಚಿ ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ಮಲಗುವುದೇ ಇಸ್ತ್ರಿ. ರಾತ್ರಿ ಹೊರಳಾಡಿದವರ ಅಂಗಿಯಲ್ಲಿ ಬೆಳಿಗ್ಗೆ ಎರಡೆರಡು ಗೆರೆ.

ಆಗುಂಬೆಯ ಮಳೆ ನಮ್ಮೂರಿಗೂ ಧಾರಾಳವಾಗಿ ಪಾಲು ಕೊಡುತ್ತಿತ್ತು. ಇದ್ದದ್ದು ಒಂದೇ ಜೊತೆ. ಒಗೆದರೆ ಮೂರು ದಿನ ಒಣಗದು. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಅಂಗಿ ತೊಟ್ಟು ನಲವತ್ತು ಮಕ್ಕಳು ಒಂದು ಕೋಣೆಯಲ್ಲಿ ಕೂತರೆ, ಮೇಷ್ಟ್ರು ಒಳಗೆ ಬಂದವರೇ ಮೊದಲು ಕಿಟಕಿ ತೆಗೆಯುತ್ತಿದ್ದರು. ಸಮವಸ್ತ್ರ ಇರುವುದು ಸಮಾನತೆಗಾಗಿ ಎಂದು ಪಿ.ಟಿ. ಮೇಷ್ಟ್ರು ಭಾಷಣ ಮಾಡಿದ್ದರು. ಮಳೆಗಾಲದಲ್ಲಿ ಅದನ್ನು ನಿಜಕ್ಕೂ ಸಾಧಿಸುತ್ತಿದ್ದದ್ದು ಹೊಗೆ. ಅದರಲ್ಲೂ ಮೂಗು ಚುರುಕಿದ್ದವರಿಗೆ ವ್ಯತ್ಯಾಸ ಗೊತ್ತಾಗುತ್ತಿತ್ತು. ತೋಟವಿದ್ದವರ ಅಂಗಿಗೆ ಅಡಿಕೆ ಸಿಪ್ಪೆಯ ಹೊಗೆ, ಇಲ್ಲದವರ ಅಂಗಿಗೆ ಕಾಡಿನ ಹಸಿ ಸೌದೆಯ ಹೊಗೆ.

ಗುರುವಾರ ಮಾತ್ರ ಯೂನಿಫಾರಂಗೆ ರಜೆ. ಒಂದೇ ಜೊತೆ ಇದ್ದವರು ಒಗೆದುಕೊಳ್ಳಲಿ ಎಂಬ ಕರುಣೆ. ಅಂದು ಎಲ್ಲರೂ ಕಲರ್ ಡ್ರೆಸ್ಸು. ಜಮೀನ್ದಾರರ ಮಗ ಗೆರೆಗೆರೆಯ ಟೆರಿಕಾಟ್ ಅಂಗಿಯಲ್ಲಿ ಮಿಂಚುವನು. ನಾನು ಭಾವನ ಮಗನಿಗೆ ಗಿಡ್ಡವಾದ ಅಂಗಿಯಲ್ಲಿ, ಅದು ನನಗೇ ಹೊಲಿಸಿದ್ದೆಂಬಂತೆ ಎದೆ ಸೆಟೆಸಿ ಹೋಗುತ್ತಿದ್ದೆ. ನನ್ನ ಬೆಂಚಿನ ಗೆಳೆಯ ಮಾತ್ರ ಗುರುವಾರವೂ ಖಾಕಿ ಚಡ್ಡಿ, ಬಿಳಿ ಅಂಗಿಯಲ್ಲೇ ಬರುತ್ತಿದ್ದ. ಕೇಳಿದರೆ ಹಣೆ ಚಚ್ಚಿಕೊಂಡು “ಥೋ, ಇವತ್ತು ಗುರುವಾರ ಅಂತ ಮರ್ತೇ ಹೋತು ಮಾರಾಯ” ಅನ್ನುವನು. ವಾರವಾರವೂ ಮರೆಯುತ್ತಿದ್ದ. ಹತ್ತೊಂಬತ್ತರ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸುವ ಹುಡುಗನಿಗೆ ವಾರವೊಂದು ಹೇಗೆ ಮರೆಯುತ್ತದೆ ಎಂದು ನನಗಾಗ ಹೊಳೆಯಲೇ ಇಲ್ಲ.

ಯೂನಿಫಾರಂನ ದೊಡ್ಡ ತೊಂದರೆಯೆಂದರೆ ಅದು ಚಾಡಿ ಹೇಳುತ್ತದೆ. ಬೇಲಿ ಹಾರಿ ಪೇರಲೆ ಕೀಳುವವನು ಯಾರೆಂದು ಮುಖ ನೋಡಿ ತಿಳಿಯದಿದ್ದರೂ ಯಾವ ಶಾಲೆಯವನೆಂದು ದೂರದಿಂದಲೇ ತಿಳಿಯುತ್ತದೆ. ಇದಕ್ಕೆ ನಾವು ಐದು ಜನ ಸೇರಿ ಒಂದು ಉಪಾಯ ಹುಡುಕಿದೆವು. ಅಂಗಿ ಬಿಚ್ಚಿ ಬೇಲಿಯ ಹೊರಗೆ ಬಂಡೆಯ ಮೇಲಿಟ್ಟು, ಬರೀ ಮೈಯಲ್ಲಿ ತೋಟಕ್ಕೆ ನುಗ್ಗುವುದು. ಉಪಾಯ ಚೆನ್ನಾಗಿಯೇ ಇತ್ತು. ತೋಟದವರು ನಮ್ಮ ಹಿಂದೆ ಓಡಲೇ ಇಲ್ಲ. ನಿಧಾನವಾಗಿ ಬೇಲಿ ದಾಟಿ ಬಂದು, ಐದೂ ಅಂಗಿಗಳನ್ನು ಎತ್ತಿಕೊಂಡು ಹೆಡ್‌ಮೇಷ್ಟ್ರ ಮನೆಗೆ ಹೋದರು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಐದೂ ಅಂಗಿಗಳು ಮೇಜಿನ ಮೇಲಿದ್ದವು. ನಾವು ಬನಿಯನ್ನಿನಲ್ಲೋ ಅಣ್ಣಂದಿರ ಅಂಗಿಯಲ್ಲೋ ನಿಂತಿದ್ದೆವು. ಅಷ್ಟು ಸಾಕಿತ್ತು ಹಿಡಿಯಲು. ಆದರೆ ಹೆಡ್‌ಮೇಷ್ಟ್ರು ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಒಂದೇ ಬಟ್ಟೆ, ಒಂದೇ ಬಣ್ಣ, ಒಬ್ಬನೇ ಟೈಲರ್ ಹೊಲಿದ ಅಂಗಿಗಳನ್ನು ಬೆತ್ತದ ತುದಿಯಿಂದ ಒಂದೊಂದಾಗಿ ಎತ್ತಿ ಹೆಸರು ಹಿಡಿದು ಕರೆದರು. ಜೇಬಿನಲ್ಲಿ ಇಂಕಿನ ಕೆರೆ ಇದ್ದದ್ದು ಒಬ್ಬನದು. ಬೆನ್ನಿಗೆ ಚೊಗರು ಮೆತ್ತಿದ್ದು ಇನ್ನೊಬ್ಬನದು. ಮೂರು ಬಣ್ಣದ ಗುಂಡಿಗಳಿದ್ದದ್ದು ಮತ್ತೊಬ್ಬನದು. ನೀಲಿ ಏರಿದ್ದು ನನ್ನದು. ನಮ್ಮನ್ನು ಒಂದೇ ಥರ ಕಾಣಿಸಲೆಂದು ಕೊಟ್ಟ ಬಟ್ಟೆಯ ಮೇಲೆ ನಮ್ಮ ನಮ್ಮ ಮನೆಗಳು ಅಷ್ಟು ಸ್ಪಷ್ಟವಾಗಿ ರುಜು ಹಾಕಿದ್ದವು.

ಕೊನೆಯ ಅಂಗಿ ನನ್ನ ಬೆಂಚಿನ ಗೆಳೆಯನದು. ಉಳಿದ ನಾಲ್ವರು ಮುದ್ದೆ ಮಾಡಿ ಬಂಡೆಗೆ ಎಸೆದಿದ್ದರೆ ಅವನು ಕಳ್ಳತನಕ್ಕೆ ಹೊರಟಾಗಲೂ ಮಡಚಿ ಇಟ್ಟಿದ್ದ. ಹೆಡ್‌ಮೇಷ್ಟ್ರು ಅದನ್ನು ಬೆತ್ತದಿಂದ ಎತ್ತಲಿಲ್ಲ. ಕೈಗೆ ತೆಗೆದುಕೊಂಡರು. ಕಾಲರ್ ಸವೆದು ಹರಿದದ್ದನ್ನು ಅವನ ಮನೆಯವರು ಬಿಚ್ಚಿ, ತಿರುಗಿಸಿ, ಕೈಹೊಲಿಗೆ ಹಾಕಿದ್ದರು. ಅದನ್ನೊಂದು ಗಳಿಗೆ ನೋಡಿ ಮತ್ತೆ ಮಡಚಿ ಅವನ ಕೈಗಿತ್ತರು. ಆಮೇಲೆ ಐವರಿಗೂ ಎರಡೆರಡು ಏಟು, ಅದರಲ್ಲಿ ಭೇದವಿರಲಿಲ್ಲ.

“ಇನ್ನು ಮುಂದೆ ಗುರುವಾರವೂ ಯೂನಿಫಾರಂ. ಕಲರ್ ಡ್ರೆಸ್ಸು ಬಂದ್,” ಎಂದರು. ಒಗೆಯುವುದು ಯಾವಾಗ ಎಂದು ಯಾರೋ ಗೊಣಗಿದ್ದಕ್ಕೆ “ಭಾನುವಾರ ಏನು ಕೆಲಸ ನಿಮಗೆ? ಪೇರಲೆ ಕೀಳೋದಾ?” ಎಂದು ಗದರಿದರು. ನಮ್ಮಿಂದ ಇಡೀ ಶಾಲೆಗೆ ಶಿಕ್ಷೆಯಾಯಿತೆಂದು ಎಲ್ಲರೂ ನಮ್ಮನ್ನು ಬೈದರು. ಹೆಡ್‌ಮೇಷ್ಟ್ರನ್ನು ನಾವು ಬೈದೆವು. ಎಲ್ಲರಿಗಿಂತ ಜೋರಾಗಿ ಬೈದವನು ನನ್ನ ಬೆಂಚಿನ ಗೆಳೆಯ. ಆಮೇಲೆ ಅವನು ವಾರ ಮರೆತದ್ದು ನನಗೆ ನೆನಪಿಲ್ಲ.

ಈಗ ಬೆಂಗಳೂರಿನಲ್ಲಿ ನನ್ನ ಮಗಳಿಗೆ ಸೋಮವಾರಕ್ಕೊಂದು, ಬುಧವಾರಕ್ಕೊಂದು, ಆಟದ ದಿನಕ್ಕೊಂದು ಯೂನಿಫಾರಂ. ಜೊತೆಗೆ ಟೈ, ಬೆಲ್ಟು, ಕಪ್ಪು ಬೂಟು, ಬಿಳಿ ಬೂಟು, ಗೆರೆಯುಳ್ಳ ಕಾಲುಚೀಲ. ಎಲ್ಲವೂ ಶಾಲೆ ಹೇಳಿದ ಅಂಗಡಿಯಲ್ಲೇ. ಸರ್ಕಾರಿ ಶಾಲೆಯ ಮಗುವಿನ ಎರಡು ಜೊತೆ ಸಮವಸ್ತ್ರಕ್ಕೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಟ್ಟ ದರ ವರ್ಷಕ್ಕೆ 600 ರೂಪಾಯಿ. ಅಷ್ಟು ದುಡ್ಡಿಗೆ ನನಗೆ ಟೈ, ಬೆಲ್ಟು, ಕಾಲುಚೀಲ ಬಂದವು. ಮೈ ಮುಚ್ಚುವ ಬಟ್ಟೆಯ ಮಾತೇ ಬೇರೆ. ಸಮವಸ್ತ್ರದ ಹಳೇ ಕಥೆ ಬೇರೆಯೇ. 1552ರಲ್ಲಿ ಲಂಡನ್ನಿನಲ್ಲಿ ಬಡಮಕ್ಕಳಿಗಾಗಿ ಶುರುವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಿದೆ. ಅಲ್ಲಿನ ಮಕ್ಕಳಿಗೆ ಉದ್ದದ ನೀಲಿ ಕೋಟು, ಹಳದಿ ಕಾಲುಚೀಲ. ಇವತ್ತಿಗೂ ಅದನ್ನೇ ತೊಡುತ್ತಾರೆ. ಇಲ್ಲದವರಿಗೆ ದಾನವಾಗಿ ಬಂದ ಬಟ್ಟೆ ಸುತ್ತಿ ಬಳಸಿ ಇದ್ದವರ ಮೆರವಣಿಗೆಯಾದದ್ದು ಹೀಗೆ.

ಒಮ್ಮೆ ಗೊತ್ತುಮಾಡಿದ ಸಮವಸ್ತ್ರವನ್ನು ಐದು ವರ್ಷ ಬದಲಿಸಬಾರದು, ಬದಲಿಸುವುದಾದರೆ ಒಂದು ವರ್ಷ ಮೊದಲೇ ಹೆತ್ತವರಿಗೆ ತಿಳಿಸಬೇಕು ಎಂದು ನಮ್ಮ ರಾಜ್ಯದ 1995ರ ನಿಯಮವೊಂದು ಹೇಳುತ್ತದೆ. ಅದನ್ನು ಬರೆದ ಅಧಿಕಾರಿಗೆ ನನ್ನಮ್ಮನಂಥ ಅಮ್ಮ ಇದ್ದಿರಬೇಕು. ಸಮವಸ್ತ್ರದ ಜೊತೆ ಹಿಜಾಬು ತೊಡಬಹುದೇ ಎಂದು ಉಡುಪಿಯ ಕಾಲೇಜೊಂದರಲ್ಲಿ ಎದ್ದ ಪ್ರಶ್ನೆ 2022ರಲ್ಲಿ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿಗೆ ಹೋದಾಗ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ತೀರ್ಪು ಬರೆದರು. ‘ಸಮ’ ಎಂಬ ಎರಡಕ್ಷರವನ್ನು ತೂಗುವುದು ಅಂಥವರಿಗೂ ಸುಲಭವಲ್ಲ. ಆಗೆಲ್ಲ ನನಗೆ ನೆನಪಾದದ್ದು ಮೇಜಿನ ಮೇಲಿನ ಐದು ಅಂಗಿಗಳು. ಹೆಡ್‌ಮೇಷ್ಟ್ರಿಗೆ ಅವು ಒಂದೇ ಥರ ಕಾಣಲಿಲ್ಲ. ಅದಕ್ಕೇ ಗುರುವಾರವೂ ಒಂದೇ ಥರ ಇರಲಿ ಎಂದರೇನೋ.

ಯೂನಿಫಾರಂನ ಉಪಕಾರ ಗೊತ್ತಾಗಬೇಕಿದ್ದರೆ ಮಗಳ ಶಾಲೆಯಲ್ಲಿ ಕಲರ್ ಡ್ರೆಸ್ಸಿನ ದಿನ ನಮ್ಮ ಮನೆಗೆ ಬನ್ನಿ. ಬೀರು ಖಾಲಿಯಾಗಿ ಮಂಚ ತುಂಬಿರುತ್ತದೆ, ಬಸ್ಸು ಹಾರ್ನು ಹೊಡೆಯುತ್ತಿರುತ್ತದೆ, ಮಗಳು “ಹಾಕ್ಕೊಳ್ಳೋಕೆ ಏನೂ ಇಲ್ಲ” ಎಂದು ಅಳುತ್ತಿರುತ್ತಾಳೆ. ಐವತ್ತು ದಾಟಿದ ನಾನೂ ಆಫೀಸಿಗೆ ಹೊರಡುವಾಗ ಎರಡು ಅಂಗಿ ಹಿಡಿದು ಕನ್ನಡಿಯ ಮುಂದೆ ನಿಂತಾಗ, ಇವತ್ತು ಇದನ್ನೇ ಹಾಕಿಕೋ ಎಂದು ಗದರುವ ಪಿ.ಟಿ. ಮೇಷ್ಟ್ರೊಬ್ಬರು ಇರಬಾರದಿತ್ತೇ ಅನ್ನಿಸುತ್ತದೆ.

ಈ ಜೂನಿನಲ್ಲಿ ಅಮ್ಮ ಊರಿಂದ ಬಂದಿದ್ದಳು. ಮಗಳು ಹೊಸ ಯೂನಿಫಾರಂ ತಂದು ಅಜ್ಜಿಯ ಮಡಿಲಲ್ಲಿ ಹರಡಿದಳು. ಅಮ್ಮ ಬಣ್ಣ ನೋಡಲಿಲ್ಲ, ಬೆಲೆಯನ್ನೂ ಕೇಳಲಿಲ್ಲ. ಕನ್ನಡಕ ಏರಿಸಿ ಲಂಗದ ಅಂಚು ತಿರುವಿ ಹೆಬ್ಬೆರಳಿನಿಂದ ಸುತ್ತಲೂ ಸವರಿದಳು. ಅರ್ಧ ಬೆರಳು ಬಟ್ಟೆಯೂ ಒಳಗಿರಲಿಲ್ಲ.

“ಇದೇನೋ ಇದು? ಬೆಳೆಯೋಕೆ ಜಾಗನೇ ಬಿಟ್ಟಿಲ್ವಲ್ಲೋ!”

“ಗಿಡ್ಡ ಆದ್ರೆ ಹೊಸದು ತಗೊಂಡ್ರಾಯ್ತಮ್ಮ. ಈಗೆಲ್ಲ ಹಾಗೇ.”

ಅಮ್ಮ ಮಾತಾಡಲಿಲ್ಲ. ಅಂಚಿಗೆ ಅಂಚು ಕೂಡಿಸಿ, ನೆರಿಗೆ ಕೆಡದಂತೆ ಮಡಚಿದಳು. ಎದ್ದು ಹೋಗಿ ತನ್ನ ಹಾಸಿಗೆ ಎತ್ತಿ ಅದರ ಕೆಳಗಿಟ್ಟಳು. ಇಸ್ತ್ರಿಪೆಟ್ಟಿಗೆ ಇದೆಯಮ್ಮಾ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ.

ಆ ರಾತ್ರಿ ಅವಳು ಒಂದು ಸಲವೂ ಹೊರಳಾಡಲಿಲ್ಲ. ಬೆಳಿಗ್ಗೆ ಲಂಗದ ಮೇಲೆ ಒಂದೇ ಒಂದು ಗೆರೆ ಇತ್ತು.